ಪೋಸ್ಟ್ ಮಾಸ್ತರು ಎದ್ದು ಹೋದ ಪ್ರಸಂಗ

ಸಾಲ್ಟ್‌ಪಾಂಡ್ ಎಂಬ ಕಡಲತೀರದ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದ ಕ್ವಾಮೆನಾ ಎಸ್ಸುಮಾನ್ ಮಾಸ್ತರು, ತಾವು ನಿವೃತ್ತರೆಂಬ ಸಂಗತಿಯನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ. ಯಾರಾದರೂ ಕೇಳಿದರೆ "ನಾನು ಸಂಪರ್ಕ ಕ್ಷೇತ್ರದಲ್ಲಿದೀನಿ" ಎನ್ನುತ್ತಿದ್ದರು. ಆ ಕ್ಷೇತ್ರ ಸದ್ಯಕ್ಕೆ ಅವರ ನಡುಮನೆಯ ಮೇಜಿನ ಮೇಲೆ, ಕಸೂತಿ ಹಾಕಿದ ಮೇಜುಬಟ್ಟೆಯ ನಡುವೆ ಕೂತಿತ್ತು. ಒಂದು ಹಳೆಯ ಲ್ಯಾಪ್‌ಟಾಪ್, ಅದರೊಳಗೆ ಲಿನಕ್ಸ್.

ಲಿನಕ್ಸ್ ಹಾಕಿಕೊಟ್ಟವನು ಫೀಫಿ. ಭಾನುವಾರ ಮೆಥೊಡಿಸ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾನೆ, ಉಳಿದ ದಿನಗಳಲ್ಲಿ 'ಕರ್ತನೇ ನನ್ನ ತಂತ್ರಜ್ಞ' ಎಂಬ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. "ಮಾಸ್ತರೇ, ಇದು ಲೋಕದ ಜನರೆಲ್ಲ ಸೇರಿ ಬರೆದದ್ದು. ಯಾರಪ್ಪನ ಮನೆ ಸ್ವತ್ತೂ ಅಲ್ಲ. ಒಳಗೇನಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು" ಎಂದು ಅವನು ಹೇಳಿದ್ದೇ ತಡ, ಮಾಸ್ತರು ಆ ಲೋಕದ ಜನರ ಪೈಕಿ ತಾವೂ ಒಬ್ಬರೆಂಬಂತೆ ಓಡಾಡತೊಡಗಿದರು. ಮೀನು ಕೊಳ್ಳಲು ಹೋದರೆ ಮೀನು ಮಾರುವವಳಿಗೂ "ನಮ್ಮ ತಂತ್ರಾಂಶದಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲಮ್ಮ" ಎಂದು ತಿಳಿಹೇಳುತ್ತಿದ್ದರು. ಅವಳು ಪಾಪ, ಮೀನು ತಾಜಾ ಇಲ್ಲವೆಂದು ಆಕ್ಷೇಪಿಸುತ್ತಿದ್ದಾರೆಂದು ತಿಳಿದು ಎರಡು ಮೀನು ಹೆಚ್ಚಿಗೆ ಹಾಕುತ್ತಿದ್ದಳು.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಅವರ ತಂಗಿ ಅರಾಬಾಳ ಮಗಳು ಎಕುವಾಳಿಗೆ ಮದುವೆಯ ಮಾತು ಬಂತು.

ಹುಡುಗ ಸೆಕೊಂಡಿ ಊರಿನ ಎಬೊ, ಹಡಗಿನಲ್ಲಿ ಮೆಕ್ಯಾನಿಕ್. ಬರುವ ಸೋಮವಾರ ಬೆಳಿಗ್ಗೆ ಹಡಗು ಹತ್ತಿದರೆ ಮತ್ತೆ ನೆಲ ಕಾಣುವುದು ಹನ್ನೊಂದು ತಿಂಗಳ ಮೇಲೆ. ಅಷ್ಟರೊಳಗೆ ಬಾಗಿಲು ತಟ್ಟುವ ಶಾಸ್ತ್ರ ಆಗಿಬಿಡಬೇಕು. ಅಂದರೆ ಹುಡುಗನ ಕಡೆಯ ಯಜಮಾನರು ಶ್ನಾಪ್ಸ್ ಎಂಬ ಮದ್ಯದ ಶೀಷೆ ತಂದು ಕೇಳಬೇಕು, ಹುಡುಗಿಯ ಸೋದರಮಾವ ಎದ್ದು ಉತ್ತರ ಕೊಡಬೇಕು, ಹುಡುಗಿಯನ್ನು ಮೂರು ಸಲ ಕೇಳಿ ಮೂರು ಸಲವೂ ಅವಳು 'ತೊಗೊಳ್ಳಿ' ಅಂದ ಮೇಲೆ ಶೀಷೆ ತೆರೆಯಬೇಕು. ಅದಾಗದೆ ಹುಡುಗ ಹೊರಟುಹೋದರೆ ಹುಡುಗಿ ಯಾರಿಗೂ ನಿಶ್ಚಯವಾದವಳಲ್ಲ. ಕಂಡ ಕಂಡ ಅತ್ತೆಯಂದಿರೆಲ್ಲ ಹನ್ನೊಂದು ತಿಂಗಳೂ ತಮಗೆ ಗೊತ್ತಿರುವ ಗಂಡುಗಳ ಫೋಟೊ ತಂದು ಅವಳ ಪ್ರಾಣ ತಿನ್ನುತ್ತಾರೆ.

ಎಲ್ಲ ಸರಿಯಿತ್ತು. ಆದರೆ ಎಬೊನ ಸೋದರಮಾವ, ಆ ಮನೆತನದ ಯಜಮಾನ ಟಾಂಡೊ, ಮೀನು ಬಂದರಿನಲ್ಲಿ ಜಾರಿ ಬಿದ್ದು ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದರು.

"ನಾವೇ ಸೆಕೊಂಡಿಗೆ ಹೋಗ್ಬಂದ್ರೆ ಹೇಗಣ್ಣ?" ಎಂದಳು ಅರಾಬಾ.

"ಹುಡುಗಿ ಕಡೆಯೋರು ಬಾಗಿಲು ಹೊತ್ಕೊಂಡು ಹೋಗಿ ತಟ್ಟಿಸ್ಕೊಂಡು ಬರೋದಾ? ಚೆನ್ನಾಗಿದೆ ನಿನ್ನ ಮಾತು! ನನ್ನ ಲ್ಯಾಪ್‌ಟಾಪ್ ಯಾತಕ್ಕಿದೆ? ಅವರು ಅಲ್ಲಿ ತಟ್ಲಿ, ನಾವು ಇಲ್ಲಿ ತೆಗೀತೀವಿ."

"ಎಕುವಾ ಫೋನಲ್ಲೇ ಮಾಡಿದ್ರಾಗಲ್ವಾ?"

"ಫೋನು ಟೊಮ್ಯಾಟೊ ರೇಟು ಕೇಳೋಕೆ ಕಣೇ. ಇದು ಮನೆತನದ ವಿಚಾರ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಕಾಗದ ಕಳೆದಿಲ್ಲ, ಗೊತ್ತಾ?"

ಗುರುವಾರ ನಾಲ್ಕು ಗಂಟೆಗೆ ನಡುಮನೆ ತುಂಬಿತು. ಮನೆತನದ ಪರವಾಗಿ ಮಾತಾಡುವವಳು ಪಕ್ಕದ ಮನೆಯ ಮಾನ್ಸಾ; ಎಸ್ಸುಮಾನರಿಗೆ ವರಸೆಯಲ್ಲಿ ತಂಗಿ, ವೃತ್ತಿಯಲ್ಲಿ ಕೆಂಕೆ ಮಾರುವವಳು. ದಿನಕ್ಕೆ ಇನ್ನೂರು ಕೆಂಕೆ, ಅಂದರೆ ಹುಳಿಹಿಟ್ಟಿನ ಉಂಡೆಯನ್ನು ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುತ್ತ ಬೀದಿಗೆಲ್ಲ ಕೇಳುವಂತೆ ಮಾತಾಡಿ ಪಳಗಿದ ಗಂಟಲು. ಮಾಸ್ತರು ಅಂಗಿ ಬಿಚ್ಚಿ ದೊಡ್ಡ ಬಟ್ಟೆ ಹೊದ್ದು ಲ್ಯಾಪ್‌ಟಾಪಿನ ಮುಂದೆ ಕೂತರು. ಆ ಬಟ್ಟೆ ಇಬ್ಬರು ಮಲಗುವ ಹಾಸಿಗೆಯ ಹೊದಿಕೆಯಷ್ಟು ದೊಡ್ಡದು. ಬಲ ಕಂಕುಳಡಿಯಿಂದ ಬಂದು ಎಡ ಹೆಗಲೇರುತ್ತದೆ, ಏರಿದಲ್ಲಿ ನಿಲ್ಲುವುದಿಲ್ಲ. ಜಾರಿದಾಗಲೆಲ್ಲ ತೋಳೆತ್ತಿ ಮೇಲಕ್ಕೆಸೆದುಕೊಳ್ಳಬೇಕು. ಆ ಎಸೆತದಲ್ಲೇ ಗಂಡಸಿನ ತೂಕ ಗೊತ್ತಾಗುವುದು. ಎಸ್ಸುಮಾನರ ಎಸೆತ ಊರಿನಲ್ಲಿ ಹೆಸರುವಾಸಿಯಾಗಿತ್ತು.

ಪರದೆಯ ಮೇಲೆ ಟಾಂಡೊ ಯಜಮಾನರು, ಅವರ ಪ್ಲಾಸ್ಟರ್ ಕಾಲು, ಹಿಂದೆ ಬೆವರುತ್ತಿದ್ದ ಎಬೊ, ಮೂಲೆಯಲ್ಲಿ ಎಬೊನ ಅಜ್ಜಿ, ಎಲ್ಲರೂ ಸ್ವಚ್ಛವಾಗಿ ಕಂಡರು. ಟಾಂಡೊ ಗಂಟಲು ಸರಿಮಾಡಿಕೊಂಡರು. "ದಾರೀಲಿ ಹೋಗ್ತಾ ನಿಮ್ಮ ತೋಟದಲ್ಲಿ ಒಂದು ಚೆಂದದ ಹೂವು ಕಂಡ್ವಿ. ಕೇಳದೆ ಕಿತ್ತರೆ ಕಳ್ಳತನ. ಅದಕ್ಕೆ ಕೇಳೋಕೆ ಬಂದಿದೀವಿ."

"ಬಂದಿದೀರಾ, ಬಾಗಿಲು ತಟ್ಟಿದೀರಾ, ನಮ್ಮಣ್ಣ ಕೇಳಿಸ್ಕೊಂಡಿದ್ದಾರೆ," ಎಂದಳು ಮಾನ್ಸಾ. "ಈಗ ಅವರೇ ಉತ್ತರ ಕೊಡ್ತಾರೆ."

ಮಾಸ್ತರು ಎದ್ದರು. ಬಟ್ಟೆ ಸೆಳೆದು, ತೋಳೆತ್ತಿ, ಘನವಾಗಿ ಎಡ ಹೆಗಲಿಗೆ ಎಸೆದುಕೊಂಡು ಬಾಯಿ ತೆರೆದರು. ಪರದೆಯಲ್ಲಿ ಸೆಕೊಂಡಿ ಕಲ್ಲಾಯಿತು, ಆಮೇಲೆ ಕಪ್ಪಾಯಿತು. ಮೂಲೆಯಲ್ಲಿ 'ಸಂಪರ್ಕವಿಲ್ಲ' ಎಂಬ ಸಾಲೊಂದು ಮೂಡಿತು.

ಸಂಪರ್ಕ ಕ್ಷೇತ್ರದಲ್ಲಿದ್ದ ಮನುಷ್ಯನಿಗೆ ಇದಕ್ಕಿಂತ ಅವಮಾನಕರವಾದ ಸಾಲು ಇನ್ನೊಂದಿಲ್ಲ.

ಬಟ್ಟೆ ಕಳಚಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪನ್ನು ಹಳೆಯ ಟಪಾಲು ಚೀಲಕ್ಕೆ ತುರುಕಿ ಅವರು ಫೀಫಿಯ ಅಂಗಡಿಗೆ ಓಡಿದರು. ಆ ಚೀಲ ತೀರ ಇಕ್ಕಟ್ಟು. ಲ್ಯಾಪ್‌ಟಾಪನ್ನು ಅದರಿಂದ ಈಚೆಗೆ ತೆಗೆಯಲು ಒಬ್ಬರು ಚೀಲ ಹಿಡಿದು ಇನ್ನೊಬ್ಬರು ಎಳೆಯಬೇಕು. ಎಳೆದು ಅಂಗಡಿಯ ಮೇಜಿನ ಮೇಲಿಟ್ಟರೆ, ಡಾಕ್ಟರ ಮುಂದೆ ಕೂರಿಸಿದ ಕೂಡಲೇ ಜ್ವರ ಬಿಟ್ಟ ಮಗುವಿನಂತೆ, ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ.

"ನಿದ್ದೆ ಸಾರ್," ಎಂದ ಫೀಫಿ, ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಏನೇನೋ ಕುಟ್ಟುತ್ತ. "ಬ್ಯಾಟರಿ ಉಳಿಸೋಕೆ ವೈಫೈ ಆಗಾಗ ತೂಕಡಿಸತ್ತೆ. ತೂಕಡಿಸಬೇಡ ಅಂತ ಆಜ್ಞೆ ಬರೆದಿದೀನಿ. ಇನ್ನು ರೆಪ್ಪೆ ಮುಚ್ಚಲ್ಲ."

ಶುಕ್ರವಾರ ಬೆಳಿಗ್ಗೆ ಚರ್ಚಿನ ಉಪದೇಶಿಗಳು ಕಂಕುಳಲ್ಲಿ ಒಂದು ಶ್ನಾಪ್ಸ್ ಶೀಷೆ ಇಟ್ಟುಕೊಂಡು ಬಂದರು. ಕುಳಿತು, ನೀರು ಕುಡಿದು, ಊರಿನ ಕ್ಷೇಮ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿದರು.

"ಸೆಕೊಂಡಿಯೋರು ನನ್ನ ಮೂಲಕ ಕ್ಷಮೆ ಕೇಳಿದಾರೆ, ಮಾಸ್ತರೇ."

"ಕ್ಷಮೆಯಾ? ಯಾತಕ್ಕೆ?"

"ನೀವು ದೊಡ್ಡ ಮನಸ್ಸು ಮಾಡಿ ಮರೆತಿರಬಹುದು. ಅವರು ಮಾತಾಡ್ತಿರೋ ಹಾಗೇ ನೀವು ಬಟ್ಟೆ ಕೊಡವಿ ಎದ್ದು ಹೋದ್ರಂತೆ. ರಾತ್ರಿ ಯಾರೂ ಊಟ ಮಾಡಿಲ್ವಂತೆ."

ಅರಾಬಾ ಬಾಯಿಗೆ ಕೈ ಇಟ್ಟುಕೊಂಡಳು. ಹಿರಿಯನೊಬ್ಬ ಸಭೆಯ ನಡುವೆ ಹೆಗಲಿಗೆ ಬಟ್ಟೆ ಎಸೆದು ಹೊರನಡೆದರೆ ಅದಕ್ಕಿಂತ ದೊಡ್ಡ ಮುನಿಸು ಆ ಕರಾವಳಿಯಲ್ಲಿ ಇಲ್ಲ. ಅಂಥ ಮುನಿಸಾದ ಮೇಲೆ ನೇರ ಫೋನು ಮಾಡುವಂತಿಲ್ಲ. ನಡುವೆ ಒಬ್ಬ ದೊಡ್ಡ ಮನುಷ್ಯ ಬೇಕು, ಕೈಯಲ್ಲಿ ಶೀಷೆ ಬೇಕು.

ಇಲ್ಲಿ ಎಸ್ಸುಮಾನರಿಗೆ ಎರಡು ದಾರಿಗಳಿದ್ದವು. 'ನಾನು ಹೋಗಿಲ್ಲ ಉಪದೇಶಿಗಳೇ, ಯಂತ್ರ ಕೈಕೊಟ್ಟಿತು' ಎಂದುಬಿಟ್ಟರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಚ್ಚುಮರೆಯಿಲ್ಲದ ತಂತ್ರಾಂಶದ ಬಗ್ಗೆ ಅವರು ಇದೇ ಉಪದೇಶಿಗಳಿಗೆ ಈಸ್ಟರಿನಿಂದ ಈಚೆಗೆ ನಾಲ್ಕು ಸಲ ಭಾಷಣ ಬಿಗಿದಿದ್ದರು. ಆದ್ದರಿಂದ ಶೀಷೆಯನ್ನು ಒಂದು ಸಲ, ಉಪದೇಶಿಗಳನ್ನು ಒಂದು ಸಲ ನೋಡಿ, "ಹೂಂ... ಆದದ್ದಾಯಿತು. ಇವತ್ತು ನಾಲ್ಕಕ್ಕೆ ಮತ್ತೆ ಬರೋಕೆ ಹೇಳಿ" ಎಂದರು. ಎಷ್ಟು ಗಂಭೀರವಾಗಿ ಎಂದರೆ, ಹೇಳಿದ ಮೇಲೆ ತಾವು ನಿಜಕ್ಕೂ ಮುನಿದಿದ್ದೆವೇನೋ ಎಂದು ಅವರಿಗೇ ಅನುಮಾನ ಬಂತು.

ಎಕುವಾ ಸುಮ್ಮನಿರಲಿಲ್ಲ. ತನ್ನ ಫೋನಿನಿಂದ ಎಬೊನಿಗೆ ನಿಜ ಹೇಳಿದಳು. ಎಬೊ ಓಡಿಹೋಗಿ ಮಾವನಿಗೆ ಹೇಳಿದ. ಟಾಂಡೊ ತಲೆದೂಗಿದರು. "ಒಳ್ಳೇ ಹುಡುಗಿ. ತನ್ನ ಮಾವನ ಸಿಟ್ಟನ್ನ ಯಂತ್ರದ ಮೇಲೆ ಹಾಕಿ ಮನೆ ಮಾನ ಉಳಿಸ್ತಿದಾಳೆ. ಇಂಥ ಹುಡುಗೀನ ಬಿಡಬಾರದು ಕಣೋ. ಆದ್ರೆ ಅವರು ಬಟ್ಟೆ ಎಸೆದದ್ದು ನಾನೇ ಕಣ್ಣಾರೆ ನೋಡಿದೀನಿ." ಮೂಲೆಯಿಂದ ಅಜ್ಜಿ, "ಹೂವು ಅಂದೆಯಲ್ಲ, ಅದೇ ತಪ್ಪು. ಓದಿದ ಹುಡುಗಿ, ನರ್ಸು. ಬರೀ ಹೂವು ಅಂದ್ರೆ ಯಾರಿಗೆ ಕೋಪ ಬರಲ್ಲ?" ಎಂದಳು.

ಹೀಗಾಗಿ ಶುಕ್ರವಾರ ನಾಲ್ಕು ಗಂಟೆಗೆ ಟಾಂಡೊ ಯಜಮಾನರು ಎಕುವಾಳನ್ನು ಬಂಗಾರದ ಸರವೆಂದು ಕರೆದರು. ಮಾಸ್ತರಿಗೆ ಎದೆಯುಬ್ಬಿತು. ಎದ್ದರು, ಹಿಂದಿನ ದಿನಕ್ಕಿಂತ ಚೆನ್ನಾಗಿ ಬಟ್ಟೆ ಎಸೆದುಕೊಂಡರು. ಬಂಗಾರದ ಸರ ಸಮೇತ ಸೆಕೊಂಡಿ ಮಾಯವಾಯಿತು.

ಈ ಸಲ ಫೀಫಿ ಅಲ್ಲೇ ಇದ್ದ. ಎಲ್ಲರನ್ನೂ ಸರಿಸಿ ಕಪ್ಪು ಕಿಟಕಿಯಲ್ಲಿ ಕುಟ್ಟಿದ. ಹುಬ್ಬು ಗಂಟಿಕ್ಕಿತು. "ನಿದ್ದೆ ಅಲ್ಲ ಸಾರ್. ನನ್ನ ಆಜ್ಞೆ ಎಲ್ಲ ಸರಿಯಾಗಿದೆ. ಹೊರಗಡೆಯಿಂದ ತಡೆದಿದಾರೆ, ನಾನೇನೂ ಮಾಡೋಕಾಗಲ್ಲ ಅಂತ ಬರೀತಿದೆ."

"ಹೊರಗಡೆಯಿಂದ?"

"ಹೊರಗಡೆಯಿಂದ."

ಎಲ್ಲರೂ ಹೊರಗಡೆ ನೋಡಿದರು. ಹೊರಗಡೆ, ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ, ಮಾನ್ಸಾಳ ಅಲ್ಯೂಮಿನಿಯಂ ಹಂಡೆ ಒಲೆಯ ಮೇಲೆ ಕುದಿಯುತ್ತಿತ್ತು. ಒಬ್ಬ ಆಳು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಹಂಡೆ.

"ನೋಡೋ ಇಲ್ಲಿ ಕ್ವಾಮೆನಣ್ಣ," ಎಂದಳು ಮಾನ್ಸಾ ಸೊಂಟಕ್ಕೆ ಕೈಯಿಟ್ಟು. "ಆ ಹಂಡೆ ಮೇಲೆ ಕಣ್ಣು ಹಾಕಿದ್ರೆ ನಾನು ಯಾರಿಗೂ ತಂಗಿಯಲ್ಲ. ನಮ್ಮಮ್ಮ ಅದರಲ್ಲೇ ಬೇಯಿಸಿದ್ಲು. ನೀನು ಅದರ ಕೆಂಕೆ ತಿಂದೇ ಪೋಸ್ಟ್ ಮಾಸ್ಟ್ರಾಗಿದ್ದು!"

"ಲೋಹ ಕಣಮ್ಮ, ಅದಕ್ಕೆ ಅಲೆ ತಡೆಯೋ ಗುಣ ಇದೆ..."

"ಹಬೆಗೂ ಇದೆ," ಎಂದು ಫೀಫಿ ಉರಿಗೆ ತುಪ್ಪ ಸುರಿದ.

ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಎಕುವಾ ಬಂದು ಚಿಕ್ಕಮ್ಮನ ಕೈ ಹಿಡಿದು ನಿಂತಿದ್ದಕ್ಕೆ ಮಾನ್ಸಾ ಸೋತಳು. ಎಂಟು ಜನ ಸೇರಿ ಹಂಡೆಯನ್ನು ರಸ್ತೆಯಾಚೆ ಟೈರು ಅಂಗಡಿಯ ಪಕ್ಕಕ್ಕೆ ಸಾಗಿಸಿದರು. ಗಲಾಟೆಯಲ್ಲಿ ಚೀಲ ಸೇರಿದ್ದ ಲ್ಯಾಪ್‌ಟಾಪನ್ನು ಅಷ್ಟರಲ್ಲಿ ಯಾರೋ ಎಳೆದು ಮೇಜಿನ ಮೇಲಿಟ್ಟಿದ್ದರು. ನೋಡಿದರೆ ವೈಫೈ ಬಂದಿತ್ತು. ಹಂಡೆಯ ಅಪರಾಧ ಸಾಬೀತಾಯಿತು. ಮಾನ್ಸಾ ಆ ಸಂಜೆ ಟೈರಿನ ವಾಸನೆಯ ಕೆಂಕೆ ಮಾರಿದಳು.

ಶನಿವಾರ ಬೆಳಿಗ್ಗೆ ಇಬ್ಬರು ಹಿರಿಯರು, ಎರಡು ಶೀಷೆ, ಜೊತೆಗೆ ಒಂದು ಟಗರು ಬಂದವು. ಶೀಷೆಗೂ ಕರಗದ ಕೋಪಕ್ಕೆ ಟಗರೇ ಮದ್ದು. ಟಗರನ್ನು ಗೇಟಿಗೆ ಕಟ್ಟಿದರು. ಬೀದಿಯವರೆಲ್ಲ ಬಂದು ಟಗರನ್ನೂ ಮಾಸ್ತರನ್ನೂ ಭಯಭಕ್ತಿಯಿಂದ ನೋಡಿ ಹೋದರು. "ಮಾಸ್ತರು ಇಷ್ಟು ಖಡಕ್ ಅಂತ ಗೊತ್ತಿರ್ಲಿಲ್ಲಪ್ಪ. ಬಂಗಾರದ ಸರ ಅಂದ್ರೂ ಒಪ್ಪಿಲ್ವಂತೆ!" ಎಂದು ಟೈರು ಅಂಗಡಿಯವನು ಗಿರಾಕಿಗಳಿಗೆ ಹೇಳಿದ.

"ಅಣ್ಣ, ಈಗಲಾದ್ರೂ ನಿಜ ಹೇಳೋ. ಟಗರು ಬಂದಾಯ್ತು, ನಾಳೆ ಎತ್ತು ಬರತ್ತೆ," ಎಂದಳು ಅರಾಬಾ.

"ಇವತ್ತು ಸಂಪರ್ಕ ತಪ್ಪಲ್ಲ. ತಪ್ಪದೇ ಇದ್ರೆ ಹೇಳೋಕೆ ಏನಿರತ್ತೆ?"

ಆ ಮಧ್ಯಾಹ್ನ ಬೀದಿ ಸ್ತಬ್ಧವಾಯಿತು. ಹೊಲಿಗೆ ಯಂತ್ರ ನಿಂತಿತು, ರೇಡಿಯೊ ಆರಿತು, ಹಂಡೆ ರಸ್ತೆಯಾಚೆ ತಣ್ಣಗೆ ಕೂತಿತು. ಪರದೆಯಲ್ಲಿ ಟಾಂಡೊ ಯಜಮಾನರು ಬೆವರೊರೆಸಿಕೊಂಡು, "ನಿಮ್ಮ ಹುಡುಗೀನ ಏನಂತ ಕರೀಬೇಕು ಅಂತ ನೀವೇ ಅಪ್ಪಣೆ ಕೊಡಿ. ನಾವು ಹಾಗೇ ಕರೀತೀವಿ" ಎಂದರು. ಮಾಸ್ತರಿಗೆ ಕಣ್ಣು ತುಂಬಿತು. ಎದ್ದು ನಿಂತು, ಜೀವಮಾನದಲ್ಲೇ ಎಸೆಯದಷ್ಟು ಭವ್ಯವಾಗಿ ಬಟ್ಟೆ ಎಸೆದುಕೊಂಡರು.

ಸಂಪರ್ಕವಿಲ್ಲ.

ಗೇಟಿನಲ್ಲಿ ಟಗರು ಒಂದು ಸಲ ಕೂಗಿತು. ಎಕುವಾ ಎದ್ದು ಬಂದು ಮಾವನ ಪಕ್ಕದಲ್ಲಿ ಕೂತಳು. ಅವಳು ಚಿಕ್ಕವಳಿದ್ದಾಗ ಅಂಚೆ ಕಚೇರಿಯ ಕಟ್ಟೆಯ ಮೇಲೆ ಹೀಗೇ ಕೂತು ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದಳು.

"ಮಾಮ, ನಾಡಿದ್ದು ಬೆಳಿಗ್ಗೆ ಹಡಗು," ಎಂದಳು ಅಷ್ಟೇ.

ಮಾಸ್ತರು ಲ್ಯಾಪ್‌ಟಾಪನ್ನು ಮತ್ತೆ ಟಪಾಲು ಚೀಲಕ್ಕೆ ತುರುಕಿದರು. ಊರವರ ಒಂದು ಕಾಗದವನ್ನೂ ಕಳೆಯದ ತಾವು ಮನೆಯ ಮಗಳ ಬಾಳಿನ ಮಾತನ್ನೇ ಮೂರು ದಿನ ದಾರಿಯಲ್ಲಿ ಕಳೆದುಹಾಕಿದ್ದರು.

ಭಾನುವಾರ ಚರ್ಚು ಬಿಡುವ ಹೊತ್ತಿಗೆ ಸೆಕೊಂಡಿಯ ಮಿನಿಬಸ್ಸು ಗೇಟಿನ ಮುಂದೆ ನಿಂತಿತು. ಹನ್ನೊಂದು ಜನ ಇಳಿದರು. ಕಡೆಗೆ, ಬಸ್ಸಿನ ಸೀಟನ್ನೇ ಬಿಚ್ಚಿ ಇಳಿಸಿದ್ದರಿಂದ, ಸೀಟಿನಲ್ಲೇ ಕೂತ ಟಾಂಡೊ ಯಜಮಾನರೂ ಅವರ ಕಾಲೂ ಇಳಿದವು. ಪಯಣಕ್ಕೆ ಬಾರದೆ ಸೆಕೊಂಡಿಯಲ್ಲೇ ಉಳಿದವಳು ಅಜ್ಜಿಯೊಬ್ಬಳೇ. ಚರ್ಚಿನಿಂದ ನೇರ ಬಂದವರೆಲ್ಲ ನಡುಮನೆ, ಹಜಾರ ತುಂಬಿ ಕಿಟಕಿಗೂ ಜೋತುಬಿದ್ದರು.

"ಮಾಸ್ತರೇ," ಎಂದರು ಟಾಂಡೊ, "ಮೂರು ಸಲ ಎದ್ದು ಹೋದ್ರಿ. ನಮ್ಮ ತಪ್ಪೇನು ಅಂತ ಹೇಳಿಬಿಡಿ. ಹೇಳಿದ್ರೆ ತಿದ್ಕೊಂಡು ಕೇಳ್ತೀವಿ. ಹೇಳ್ದೇ ಇದ್ರೆ ವಾಪಸ್ ಹೋಗ್ತೀವಿ, ಹುಡುಗ ನಾಳೆ ಹಡಗು ಹತ್ತಲಿ."

ಏನಾದರೊಂದು ತಪ್ಪು ಹುಟ್ಟಿಸಿ ಹೇಳುವುದು ಬಹಳ ಸುಲಭವಿತ್ತು. ಮರ್ಯಾದೆಯೂ ಉಳಿಯುತ್ತಿತ್ತು, ಟಗರೂ ಉಳಿಯುತ್ತಿತ್ತು. ಮಾಸ್ತರು ಎಕುವಾಳ ಮುಖ ನೋಡಿದರು.

"ನಿಮ್ಮ ತಪ್ಪೇನೂ ಇಲ್ಲ ಯಜಮಾನ್ರೇ. ನಾನು ಎಲ್ಲಿಗೂ ಹೋಗಿಲ್ಲ. ಇಲ್ಲೇ ನಿಂತು ಬಾಯಿ ಬಾಯಿ ಬಿಡ್ತಿದ್ದೆ. ಈ ಯಂತ್ರದ ವೈಫೈ ನಿಲ್ತಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ. ನಿಜ ಹೇಳ್ಬೇಕು ಅಂದ್ರೆ ಇದರ ಬಗ್ಗೆ ನನಗೆ ಏನೂ ಗೊತ್ತಿಲ್ಲ."

ಹಜಾರದಲ್ಲಿ ಉಪದೇಶಿಗಳು ಕೆಮ್ಮಿದರು. ಟಾಂಡೊ ಮಾತ್ರ ನಂಬಲಿಲ್ಲ. "ದೊಡ್ಡೋರ ಗುಣ," ಎಂದು ತಮ್ಮವರ ಕಡೆ ತಿರುಗಿದರು. "ನಮ್ಮ ತಪ್ಪು ಹೇಳಿ ನಮಗೆ ನಾಚಿಕೆ ಮಾಡಬಾರದು ಅಂತ ತಮ್ಮ ಮೇಲೆ ಹಾಕ್ಕೊಳ್ತಿದಾರೆ."

"ಅಯ್ಯೋ ದೇವ್ರೇ, ನಿಜವಾಗ್ಲೂ ಯಂತ್ರ! ಫೀಫಿ, ಹಚ್ಚೋ ಅದನ್ನ. ಸೆಕೊಂಡಿಗೆ ಅಜ್ಜಿಗೆ ಹಚ್ಚು. ಎರಡು ನಿಮಿಷದಲ್ಲಿ ಹೋಗತ್ತೆ ನೋಡಿ."

ಇಬ್ಬರು ಸೇರಿ ಚೀಲದಿಂದ ಎಳೆದು ತೆಗೆದು ಹಚ್ಚಿದರು. ಅಜ್ಜಿ ಪರದೆಯ ಮೇಲೆ ಬಂದಳು. ಎರಡು ನಿಮಿಷವಾಯಿತು, ಐದು ನಿಮಿಷವಾಯಿತು. ಅಜ್ಜಿ ತನ್ನ ಮಂಡಿನೋವು, ಬಾವಿಯ ನೀರು, ಮೂರನೇ ಸೊಸೆ, ಎಲ್ಲದರ ಬಗ್ಗೆ ಹೇಳಿದಳು. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ವೈಫೈ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಹಿಂದೆಂದೂ ನಿಂತಿರಲಿಲ್ಲ. ಮಾಸ್ತರು 'ಹೋಗು, ಹೋಗು' ಎಂದು ಒಳಗೊಳಗೇ ಅದರ ಕಾಲಿಗೆ ಬೀಳುತ್ತಿದ್ದರು.

"ಚೆನ್ನಾಗೇ ಇದೆಯಲ್ಲ," ಎಂದರು ಟಾಂಡೊ ತಣ್ಣಗೆ. ಅವರ ದನಿಯಲ್ಲಿ ಮೊದಲ ಸಲ ಬೇಸರ ಕೇಳಿಸಿತು. "ಹೋಗ್ಲಿ ಬಿಡಿ. ಸೀಟು ಎತ್ರಪ್ಪ."

"ನಿಲ್ಲಿ!" ಎಂದು ಮಾಸ್ತರು ಎದ್ದುಬಿಟ್ಟರು. "ಮೂವತ್ತೊಂದು ವರ್ಷದ ನೌಕರೀಲಿ ಯಾರೂ ನನ್ನ ಸುಳ್ಳುಗಾರ ಅಂದಿಲ್ಲ!" ಎನ್ನುತ್ತ, ಸಿಟ್ಟಿಗೆ, ದುಃಖಕ್ಕೆ, ಅಭ್ಯಾಸಕ್ಕೆ, ಚರ್ಚಿಗೆ ಹೊದ್ದು ಹೋಗಿದ್ದ ಬಟ್ಟೆ ಸೆಳೆದು ಹೆಗಲಿಗೆ ಎಸೆದುಕೊಂಡರು.

ಅಜ್ಜಿ ಮಾಯವಾದಳು.

"ಹೋಯ್ತು! ನೋಡಿದ್ರಾ? ಹೋಯ್ತು!" ಎಂದು ಸಂಪರ್ಕ ಕ್ಷೇತ್ರದ ಮನುಷ್ಯ ಸಂಪರ್ಕ ತಪ್ಪಿದ್ದಕ್ಕೆ ಕುಣಿದಾಡಿದರು.

"ಎಲ್ಲರೂ ಇದ್ದಲ್ಲೇ ಇರಿ," ಎಂದಳು ಮಾನ್ಸಾ. ಅವಳು ಪಕ್ಕದಲ್ಲೇ ಕೂತು, ಪರದೆ ನೋಡುವ ಬದಲು ಅಣ್ಣನ ಬಟ್ಟೆಯ ಅಂಚಿನ ಬಣ್ಣ ಲೆಕ್ಕ ಹಾಕುತ್ತಿದ್ದಳು. "ಕ್ವಾಮೆನಣ್ಣ, ನಿನ್ನ ಬಟ್ಟೆ ಅಂಚು ಆ ಪೆಟ್ಟಿಗೆ ಮುಂಭಾಗ ಸವರ್ಕೊಂಡು ಹೋಯ್ತು. ಟಕ್ ಅಂತು. ಅಲ್ಲೇನೋ ಗುಂಡಿ ಇದೆ."

ಫೀಫಿ ಬಗ್ಗಿ ನೋಡಿದ. ಲ್ಯಾಪ್‌ಟಾಪಿನ ಮುಂದಿನ ಅಂಚಿನಡಿ ಬೆರಳುಗುರಿನಷ್ಟು ಗಾತ್ರದ ಜಾರುಗುಂಡಿ. ಎಡಕ್ಕೆ ಜರುಗಿದರೆ ವೈಫೈ ಬಂದ್, ಬಲಕ್ಕೆ ಜರುಗಿದರೆ ಚಾಲೂ. ಎಡ ಹೆಗಲಿಗೆ ಎಸೆದ ಬಟ್ಟೆ ಅದನ್ನು ಎಡಕ್ಕೊಯ್ಯುತ್ತಿತ್ತು, ಇಕ್ಕಟ್ಟಾದ ಟಪಾಲು ಚೀಲ ಬಲಕ್ಕೆ ತರುತ್ತಿತ್ತು. 'ಹೊರಗಡೆಯಿಂದ ತಡೆದಿದ್ದಾರೆ' ಎಂದು ಆ ಬಡಪಾಯಿ ಲಿನಕ್ಸ್ ಮೊನ್ನೆಯೇ ಹೇಳಿತ್ತು. ಆರ್ಗನ್ ನುಡಿಸುವ ಬೆರಳುಗಳಿಂದ ಫೀಫಿ ತಲೆ ಕೆರೆದುಕೊಂಡ.

"ನನ್ನ ಹಂಡೆ?" ಎಂದಳು ಮಾನ್ಸಾ. ಹಂಡೆ ಹೊತ್ತಿದ್ದವರು ಒಬ್ಬೊಬ್ಬರಾಗಿ ಹಜಾರಕ್ಕೆ ಜಾರಿಕೊಂಡರು.

ಗುಂಡಿ ಬಲಕ್ಕೆ ಸರಿಸಿದರು. ಅಜ್ಜಿ ಮರಳಿ ಬಂದವಳೇ ಎಬೊನನ್ನು ಕೂಗಿ, "ನೋಡಿದೆಯೇನೋ? ಮತ್ತೆ ಬಟ್ಟೆ ಕೊಡವಿ ಎದ್ದು ಹೋದ! ಈ ಸಂಬಂಧ ಬೇಡ ಬಾ!" ಎಂದಳು.

ಟಾಂಡೊ ಯಜಮಾನರಿಗೆ ಆಗ ನಗು ಬಂತು. ಪ್ಲಾಸ್ಟರಿನೊಳಗೆ ಕಾಲು ನೋಯುವಷ್ಟು ನಕ್ಕರು. ಆಮೇಲೆ ಒಬ್ಬೊಬ್ಬ ಹಿರಿಯರೂ ಸರದಿಯಲ್ಲಿ ಬಂದು ತಂತಮ್ಮ ಬಟ್ಟೆ ಎಸೆದು ಅಜ್ಜಿಯನ್ನು ಮಾಯ ಮಾಡಿ ನೋಡಿದರು. ಅಜ್ಜಿ ಬಂದಾಗಲೆಲ್ಲ ಬೈದು ಹೋದಳು. ಉಪದೇಶಿಗಳು ಎರಡು ಸಲ ಪ್ರಯತ್ನಿಸಿದರು.

ಕೊನೆಗೆ ಎಲ್ಲರೂ ಕೂತರು. ಮೇಜಿನ ಮೇಲೆ ಶೀಷೆಗಳು, ಪಕ್ಕದಲ್ಲಿ ಪರದೆ, ಪರದೆಯಲ್ಲಿ ಸಮಾಧಾನವಾದ ಅಜ್ಜಿ. ಮಾನ್ಸಾ ಗಂಟಲು ಏರಿಸಿದಳು.

"ಎಕುವಾ, ಈ ಜನ ಬಾಗಿಲು ತಟ್ಟಿದಾರೆ. ಶೀಷೆ ತೊಗೊಳ್ಳೋಣವಾ?"

"ತೊಗೊಳ್ಳಿ."

"ಎರಡನೇ ಸಲ ಕೇಳ್ತಿದೀನಿ. ತೊಗೊಂಡ ಮೇಲೆ ವಾಪಸ್ ಕೊಡೋಕಾಗಲ್ಲ. ತೊಗೊಳ್ಳೋಣವಾ?"

"ತೊಗೊಳ್ಳಿ ಚಿಕ್ಕಮ್ಮ."

ಎಸ್ಸುಮಾನ್ ಮಾಸ್ತರು ಎಕುವಾಳನ್ನೇ ನೋಡಿದರು. ಮೊಣಕಾಲೆತ್ತರದ ಹುಡುಗಿಯಾಗಿ ಟಪಾಲು ಮೂಟೆಗಳ ನಡುವೆ ಅಡಗಿ ಕೂರುತ್ತಿದ್ದವಳು ಇವಳೇ. ಹೆಗಲ ಮೇಲಿನ ಬಟ್ಟೆ ಮೆಲ್ಲಗೆ ಜಾರತೊಡಗಿತು. ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು, ಬಲಗೈ ಬಟ್ಟೆಯ ಅಂಚನ್ನು ಹುಡುಕಿತು.

"ಮೂರನೇ ಸಲ, ಕಡೇ ಸಲ," ಎಂದಳು ಮಾನ್ಸಾ. "ತೊಗೊಳ್ಳೋಣವಾ?"

"ತೊಗೊಳ್ಳಿ ಚಿಕ್ಕಮ್ಮ, ಬೇಗ ತೊಗೊಳ್ಳಿ," ಎಂದಳು ಎಕುವಾ, "ಮಾಮ ಎದ್ದು ನಿಲ್ಲೋಕೆ ಮುಂಚೆ!"